ಟೈಪಿಸ್ಟ್ ಓದುವುದಿಲ್ಲ

ಜನವರಿ 11, ಗುರುವಾರ

ಇವತ್ತು ನನ್ನ ಸರದಿ. ನಲವತ್ತು ನಿಮಿಷ ಬಾಯಿಗೆ ಬೀಗ ಹಾಕಿಕೊಂಡು ಕುಳಿತಿದ್ದೆ. ನಮ್ಮ ಕಥನ ತರಗತಿಯ ನಿಯಮ ಅದು. ಯಾರ ಕಥೆ ಚರ್ಚೆಗೆ ಬಂದಿದೆಯೋ ಅವರು ಮಾತಾಡುವಂತಿಲ್ಲ, ತಲೆಯಾಡಿಸುವಂತೆಯೂ ಇಲ್ಲ. ಅವರು ಅಲ್ಲಿ ಇಲ್ಲವೇ ಇಲ್ಲ ಎಂಬಂತೆ ಮಿಕ್ಕವರು ಕಥೆಯನ್ನು ಬಿಚ್ಚಿ ಹರಡಿ ನೋಡುತ್ತಾರೆ. ಅಚ್ಚಾದ ಮೇಲೆ ಓದುಗನ ಮನೆಗೆ ಹೋಗಿ ವಿವರಣೆ ಕೊಟ್ಟು ಬರ್ತೀಯಾ ಎಂದು ಮೇಷ್ಟ್ರು ಕೇಳುತ್ತಾರೆ. ಅವರಿಗೆ ನಾವಿಟ್ಟ ಹೆಸರು ಕತ್ತರಿ. ಅವರ ಕೈಗೆ ಹತ್ತು ಪುಟ ಕೊಟ್ಟರೆ ಮೂರು ವಾಪಸು ಬರುತ್ತವೆ.

ತರಗತಿ ನಡೆಯುವುದು ಹಳೆಯ ರಸಾಯನಶಾಸ್ತ್ರದ ಪ್ರಯೋಗಾಲಯದಲ್ಲಿ. ಸಾಹಿತ್ಯದವರಿಗೆ ಬೇರೆ ಕೋಣೆ ಕೊಡಲು ವಿಶ್ವವಿದ್ಯಾಲಯಕ್ಕೆ ಮನಸ್ಸಿಲ್ಲ. ಮೇಜಿಗೊಂದು ಸಿಂಕು, ತುಕ್ಕು ಹಿಡಿದ ಅನಿಲದ ನಲ್ಲಿ. ನಾನು ಸಿಂಕಿನ ತೂತನ್ನೇ ನೋಡುತ್ತ ಎಲ್ಲವನ್ನೂ ಕೇಳಿಸಿಕೊಂಡೆ.

ನನ್ನ ಕಥೆ ಇಷ್ಟೆ. ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಕೆಲಸ ಮಾಡುವ ಒಬ್ಬಳು ಅಕ್ಕ. ಒಂದು ಭಾನುವಾರ, ಮನೆಯಲ್ಲಿ ಯಾರೂ ಇಲ್ಲದಾಗ, ಇದ್ದಕ್ಕಿದ್ದಂತೆ ಪರದೆ ಒಗೆಯುವ ಹುಚ್ಚು ಹತ್ತಿ ಸ್ಟೂಲು ಹತ್ತುತ್ತಾಳೆ, ಬೀಳುತ್ತಾಳೆ, ಏನೂ ಆಗಿಲ್ಲ ಎನ್ನುತ್ತಾಳೆ. ಸೋಮವಾರ ಕೆಲಸಕ್ಕೂ ಹೋಗುತ್ತಾಳೆ. ಮಂಗಳವಾರ ಸಂಜೆ ತಲೆನೋವೆಂದು ಮಲಗಿದವಳು ಏಳುವುದಿಲ್ಲ.

ನಿವೃತ್ತರಾದ ಮೇಲೆ ಓದಲು ಬಂದಿರುವ ಬ್ಯಾಂಕಿನವರು ಮೊದಲು ಬಾಯಿ ತೆರೆದರು. ಸ್ಟೂಲಿನಿಂದ ಬಿದ್ದು ಯಾರಾದರೂ ಸಾಯುತ್ತಾರೆಯೇ, ತಾವೇ ಎರಡು ಸಲ ಬಿದ್ದಿದ್ದೇನೆ, ಕಲ್ಲುಗುಂಡಿನ ಹಾಗಿದ್ದೇನೆ ಎಂದರು. ಎಲ್ಲರೂ ನಕ್ಕರು. ಸದಾ ಮಫ್ಲರ್ ಸುತ್ತಿಕೊಂಡಿರುವ ನಮ್ಮ ಕವಿ, ಲೇಖಕಿಗೆ ಕಥೆ ಮುಗಿಸುವ ದಾರಿ ಕಾಣದೆ ಅಕ್ಕನನ್ನು ಮುಗಿಸಿದ್ದಾರೆ ಎಂದ. ಆ ಮಾತಿಗೆ ಇನ್ನೂ ಜೋರು ನಗು.

ಕತ್ತರಿ ಮೇಷ್ಟ್ರು ನಗಲಿಲ್ಲ. ಎರಡು ಕಡೆ ಕೆಂಪು ಪೆನ್ಸಿಲಿನಲ್ಲಿ ಸುತ್ತು ಹಾಕಿದ್ದರು. ಒಂದು, ಕೋಣೆಯಲ್ಲಿ ಇನ್ನೊಬ್ಬರು ಇದ್ದ ಹಾಗೆ ಕಾಣುತ್ತದೆ, ಅವರನ್ನು ಎಲ್ಲಿ ಬಚ್ಚಿಟ್ಟಿದ್ದೀಯ? ಇನ್ನೊಂದು, ಪರದೆ ಅವತ್ತೇ ಯಾಕೆ? "ಸಾಯಿಸೋದು ಸುಲಭ ಕಣಮ್ಮ. ಬದುಕಿಸಿ ನೋಡು. ಬಿದ್ದಳು, ಎದ್ದಳು, ಬುಧವಾರಾನೂ ಎದ್ದಳು. ಅಲ್ಲಿಂದ ಬರಿ," ಎಂದರು. ಏಪ್ರಿಲ್ ಹನ್ನೆರಡಕ್ಕೆ ಪೂರ್ತಿ ಕಥೆ ಕೊಡಬೇಕು. ಅವರು ಒಪ್ಪದಿದ್ದರೆ ಎರಡನೇ ವರ್ಷಕ್ಕೆ ಸೀಟಿಲ್ಲ.

ನನ್ನ ಅಕ್ಕ ಹೋದ ಸೆಪ್ಟೆಂಬರಿನಲ್ಲಿ ಸ್ಟೂಲಿನಿಂದ ಬಿದ್ದು ಸತ್ತಳು. ಇವರಲ್ಲಿ ಯಾರಿಗೂ ಹೇಳಿಲ್ಲ, ಜ್ವರ ಎಂದು ರಜೆ ಹಾಕಿದ್ದೆ. ಈಗ ಹೇಳಿದರೆ ಅಯ್ಯೋ ಪಾಪ ಎಂದು ಕಥೆಯನ್ನು ಹೊಗಳುತ್ತಾರೆ. ಹೇಳದಿದ್ದರೆ ನಂಬುವುದಿಲ್ಲ. ಬಾಯಲ್ಲಿ ಬಿಸಿ ತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ.

ಜನವರಿ 14, ಭಾನುವಾರ

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಮೂರು ದಿನದಿಂದ ಹೆಗಲು ಮುಟ್ಟಿಕೊಳ್ಳುತ್ತಿದ್ದೇನೆ. ಇಲ್ಲಿ ಮಾತ್ರ ಬರೆಯುತ್ತೇನೆ, ಒಂದೇ ಸಲ.

ಕೋಣೆಯಲ್ಲಿ ನಾನಿದ್ದೆ. ಮಂಚದ ಮೇಲೆ ಮಲಗಿ ಪಠ್ಯದ ಕಾದಂಬರಿ ಓದುತ್ತಿದ್ದೆ, ಕೊನೆಯ ಅಧ್ಯಾಯ. ಸ್ಟೂಲು ಅಲ್ಲಾಡ್ತಿದೆ, ಸ್ವಲ್ಪ ಹಿಡ್ಕೋ ಬಾರೇ ಎಂದು ಅಕ್ಕ ಕರೆದಳು. ಒಂದು ನಿಮಿಷ, ಈ ಪುಟ ಮುಗಿಸ್ತೀನಿ ಎಂದೆ. ಪುಟ ಮುಗಿಸಿದೆ. ಇನ್ನೊಂದು ಪುಟವನ್ನೂ ತಿರುಗಿಸಿದೆ.

ಭಾನುವಾರವೂ ಕೆಲಸವಿದ್ದು ವಕೀಲರ ಕಚೇರಿಗೆ ಹೋಗಿದ್ದ ಅಮ್ಮ ಸಂಜೆ ಬಂದು, ಬಿದ್ದೆಯಂತೆ ಹೇಗೆ, ಇವಳೆಲ್ಲಿದ್ದಳು ಎಂದು ಕೇಳಿದಾಗ ಅಕ್ಕ, ಇವಳು ಲೈಬ್ರರಿಗೆ ಹೋಗಿದ್ಲು, ಒಬ್ಬಳೇ ಇದ್ದೆ ಎಂದಳು. ನನಗೆ ಬೈಗುಳ ತಪ್ಪಿಸಲು ಹೇಳಿದ ಸುಳ್ಳು. ಚಿಕ್ಕಂದಿನಿಂದ ಅಂಥ ಸುಳ್ಳು ನೂರು ಹೇಳಿದ್ದಾಳೆ. ನಾನು ಅವಳ ಬೆನ್ನ ಹಿಂದೆ ನಿಂತು ಹೂಂಗುಟ್ಟಿದೆ. ಎರಡು ದಿನದಲ್ಲಿ ಅವಳು ಹೋದಳು. ಸುಳ್ಳು ನನ್ನ ಹತ್ತಿರವೇ ಉಳಿಯಿತು.

ಜನವರಿ 16

ಮೇಷ್ಟ್ರ ಇನ್ನೊಂದು ಹಟ, ಮೊದಲ ಕರಡು ಕೈಯಲ್ಲೇ ಬರೆಯಬೇಕು, ತರಗತಿಗೆ ಹಂಚುವುದು ಟೈಪಾಗಿರಬೇಕು. ಉಳಿದವರು ಬಸ್ ನಿಲ್ದಾಣದ ಪಕ್ಕದ ಅಂಗಡಿಯಲ್ಲಿ ಮಾಡಿಸುತ್ತಾರೆ. ನನಗೆ ಅಮ್ಮ ಇದ್ದಾಳೆ. ಒಬ್ಬರೇ ವಕೀಲರ ಬಳಿ ಮೂವತ್ತೊಂದು ವರ್ಷ ಟೈಪಿಸ್ಟಾಗಿದ್ದು ಡಿಸೆಂಬರಿನಲ್ಲಿ ನಿವೃತ್ತಳಾದಳು. ಬೀಳ್ಕೊಡುಗೆಗೆ ಅವರು ಅವಳ ಯಂತ್ರವನ್ನೇ ಕೊಟ್ಟರು. ವಾರಗಟ್ಟಲೆ ಅದರ ಮುಂದೆ ಸುಮ್ಮನೆ ಕುಳಿತಿರುತ್ತಿದ್ದಳು. ಕೊನೆಗೆ, ನಿಂದೇನಾದ್ರೂ ಇದ್ರೆ ಕೊಡು, ಬೆರಳು ಮರಗಟ್ಟುತ್ತಿವೆ ಎಂದಳು.

ಮೊದಲ ಕರಡನ್ನು ಅವಳೇ ಟೈಪ್ ಮಾಡಿದ್ದು. ಸತ್ತ ಮಗಳ ಕಥೆ. ಬರೆದ ಮಗ್ಗುಲು ಕೆಳಗೆ ಮಾಡಿ ಅಮ್ಮನ ಕೈಗೆ ಕೊಟ್ಟಿದ್ದೆ. ಅವಳು ಹಾಳೆ ತಟ್ಟಿ ಜೋಡಿಸಿಕೊಂಡು, "ಟೈಪಿಸ್ಟ್ ಓದಲ್ಲ ಕಣೇ. ಓದಿದ್ರೆ ಕೈ ತಪ್ಪತ್ತೆ," ಎಂದಳು. ನಿಜವೇ ಇರಬೇಕು. ಊರವರ ಉಯಿಲು, ವಿಚ್ಛೇದನ, ಪಾಲುಪಟ್ಟಿ ಎಲ್ಲ ಅವಳ ಬೆರಳಲ್ಲಿ ಹಾದುಹೋಗಿವೆ, ಒಂದು ಗುಟ್ಟೂ ಮನೆಗೆ ಬಂದಿಲ್ಲ. ಯಂತ್ರ ಎರಡು, ಒಂದು ಕಬ್ಬಿಣದ್ದು, ಒಂದು ಸೀರೆ ಉಟ್ಟದ್ದು ಎಂದು ಅಕ್ಕ ತಮಾಷೆ ಮಾಡುತ್ತಿದ್ದಳು.

ಅಮ್ಮ ಕೂರುವುದು ಅಕ್ಕ ಬಿದ್ದ ಅದೇ ಕಿಟಕಿಯ ಬಳಿ. ಪರದೆಯಿಲ್ಲ, ಬಿಸಿಲು ನೇರ ಕಣ್ಣಿಗೆ ಹೊಡೆಯುತ್ತದೆ. ಅವಳು ಹಾಕಲಿಲ್ಲ, ನಾನೂ ಕೇಳಲಿಲ್ಲ.

ಜನವರಿ 22

ಬದುಕಿಸಿದೆ. ಬುಧವಾರ ಬೆಳಿಗ್ಗೆ ಅಕ್ಕ ಎದ್ದು, ತಲೆಯ ಬುಗುಟನ್ನು ಕನ್ನಡಿಯಲ್ಲಿ ನೋಡಿಕೊಂಡು, ಕೊಂಬು ಮೊಳೆತಿದೆ ಎಂದು ನಕ್ಕು ಅಂಗಡಿಗೆ ಹೋದಳು. ಇಷ್ಟು ಬರೆಯಲು ಆರು ದಿನ ಬೇಕಾಯಿತು. ಇದು ಬರೀ ಕಸುಬು, ವ್ಯಾಯಾಮ. ಕಂಡವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡುವುದೇ ಕತ್ತರಿ ಮೇಷ್ಟ್ರ ಪಾಠಕ್ರಮ ಎಂದು ಕವಿಗೆ ಹೇಳಿದೆ. ಅವನು ಆ ಮಾತನ್ನು ತನ್ನ ಪುಸ್ತಕದಲ್ಲಿ ಬರೆದಿಟ್ಟುಕೊಂಡ. ಕಳ್ಳ.

ಹಾಳೆಗಳನ್ನು ಅಮ್ಮನ ಯಂತ್ರದ ಎಡಗಡೆ ಇಟ್ಟೆ. ಸಂಜೆ ಬಲಗಡೆ ಏಳು ಪ್ರತಿ ಇದ್ದವು. ಓದದೆ ಚೀಲಕ್ಕೆ ಹಾಕಿಕೊಂಡೆ. ಅವಳ ಟೈಪಿನಲ್ಲಿ ತಪ್ಪು ಹುಡುಕುವುದು ದಂಡ.

ಫೆಬ್ರವರಿ 1, ಗುರುವಾರ

ಏನಾಯಿತೆಂದು ಸರಿಯಾಗಿ ಬರೆದಿಡಬೇಕು.

ನನ್ನ ಸರದಿ, ಬಾಯಿಗೆ ಬೀಗ. ಮೇಷ್ಟ್ರು ಎರಡನೇ ಪುಟ ತೆಗೆದು, ಇದನ್ನು ಎಲ್ಲರೂ ಕೇಳಿಸಿಕೊಳ್ಳಿ ಎಂದು ಒಂದು ಸಾಲು ಓದಿದರು. "ಗಾಜಿಗೆ ಉಸಿರು ಬಿಟ್ಟು ಒರೆಸುವಾಗ ಅವಳ ಎಡಗಣ್ಣು ತಾನಾಗಿ ಮುಚ್ಚಿಕೊಳ್ಳುತ್ತಿತ್ತು, ಯಾರೋ ಅವಳ ಮುಖಕ್ಕೇ ಊದಿದ ಹಾಗೆ." ಆಮೇಲೆ ಕನ್ನಡಕ ತೆಗೆದು ತಾವೂ ಒರೆಸಿಕೊಂಡರು. ಆರು ತಿಂಗಳಲ್ಲಿ ಈ ಮೇಜಿನ ಮೇಲೆ ಬಂದ ಮೊದಲ ಜೀವಂತ ಸಾಲು ಎಂದರು. ಬ್ಯಾಂಕಿನವರು, ಈ ಹುಡುಗೀನ ನಾನು ನೋಡಿದೀನಿ ಅನ್ನಿಸುತ್ತೆ ಎಂದರು.

ಆ ಸಾಲು ನಾನು ಬರೆದದ್ದಲ್ಲ.

ಅಕ್ಕ ಹಾಗೆ ಕಣ್ಣು ಮುಚ್ಚುತ್ತಿದ್ದಳೆಂದು ನನಗೆ ಗೊತ್ತೇ ಇರಲಿಲ್ಲ. ಕೇಳಿದ ಕೂಡಲೇ ಗೊತ್ತಾಯಿತು, ಹೌದು, ಮುಚ್ಚುತ್ತಿದ್ದಳು. ಹೇಳೋಣವೆಂದರೆ ನಿಯಮ. ನಲವತ್ತು ನಿಮಿಷ ಕಳೆದು ಬೀಗ ತೆಗೆದಾಗ ಮೇಷ್ಟ್ರು, ಏನಾದರೂ ಹೇಳುವುದಿದೆಯೇ ಎಂದು ಕೇಳಿದರು. ಇಲ್ಲ ಎಂದೆ. ಈ ಸಲ ಬಾಯಿ ಕಟ್ಟಿದ್ದು ನಿಯಮವಲ್ಲ, ನಾನೇ.

ಮನೆಗೆ ಬಂದು ಕೈಬರಹ ಹಿಡಿದು ಸಾಲು ಸಾಲಾಗಿ ತಾಳೆ ನೋಡಿದೆ. ಮೂರು ಕಡೆ ಹೆಚ್ಚಿದೆ. ಕಣ್ಣಿನದು ಒಂದು. ಬಸ್ಸಿನಲ್ಲಿ ಅಕ್ಕ ಸೀಟು ಸಿಕ್ಕರೂ ಕೂರುವುದಿಲ್ಲ, ದಿನವಿಡೀ ಕೂತು ಸಾಕಾಗಿರುತ್ತದೆ ಎಂಬುದೊಂದು. ಮೂರನೆಯದು ಬರೀ ಮೂರು ಪದ: "ಅವಳಿಗೆ ಆಗ ಹಸಿವಾಗಿತ್ತು." ಅಡುಗೆಮನೆಯಲ್ಲಿ ಅಮ್ಮ ಪಾತ್ರೆ ತೊಳೆಯುತ್ತಿದ್ದಳು. ಹೋಗಿ ನಿಂತೆ. ಏನು ಎಂದಳು. ಏನಿಲ್ಲ ಎಂದೆ.

ಫೆಬ್ರವರಿ 3

ಹೊಟ್ಟೆಕಿಚ್ಚು. ಬೇರೆ ಹೆಸರಿಲ್ಲ. ವರ್ಷಗಟ್ಟಲೆ ಪುಸ್ತಕ ಅರೆದು ಕುಡಿದವಳು ನಾನು, ಜೀವಂತ ಸಾಲು ಬರೆಯುವವಳು ಬಾಡಿಗೆ ಕರಾರು ಟೈಪ್ ಮಾಡಿದವಳು.

ಫೆಬ್ರವರಿ 12

ಹೊಸ ಹತ್ತು ಪುಟ. ಬೇಕೆಂದೇ ತೆಳ್ಳಗೆ ಬರೆದೆ. "ಅವಳು ಅಂಗಡಿಯ ಬಾಗಿಲು ತೆರೆದಳು. ಕೆಲಸಕ್ಕೆ ಕುಳಿತಳು." ನಡುವೆ ಜಾಗ ಬಿಟ್ಟೆ. ಹಾಳೆ ಇಟ್ಟು ನನ್ನ ಕೋಣೆಗೆ ಹೋಗಿ ಬಾಗಿಲಿಗೆ ಕಿವಿಗೊಟ್ಟು ಕೂತೆ. ಅಮ್ಮನ ಟೈಪಿಗೆ ಒಂದು ನಡಿಗೆಯಿದೆ, ಎಲ್ಲೂ ಎಡವುವುದಿಲ್ಲ. ಇವತ್ತು ನಿಂತಿತು. ಬಹಳ ಹೊತ್ತು ಸದ್ದಿಲ್ಲ. ಆಮೇಲೆ ಒಂದೊಂದೇ ಅಕ್ಷರ, ಹೊಸದಾಗಿ ಕಲಿಯುವವರ ಹಾಗೆ.

ಹತ್ತು ಪುಟ ಹನ್ನೆರಡಾಗಿ ಬಂತು. ಅಂಗಡಿಯ ಯಜಮಾನ ಅಕ್ಕನನ್ನು ಹೆಸರು ಹಿಡಿದು ಕರೆಯದೆ "ಹರಳು" ಎನ್ನುತ್ತಿದ್ದನಂತೆ. ಗಾಜಿನ ಅಂಚು ಸರಿಯಾಗಿದೆಯೇ ಎಂದು ಅವಳು ತುಟಿಗೆ ತಾಗಿಸಿ ನೋಡುತ್ತಿದ್ದಳಂತೆ. ಬೆರಳು ಸುಳ್ಳು ಹೇಳುತ್ತದೆ, ತುಟಿ ಹೇಳುವುದಿಲ್ಲ ಎನ್ನುತ್ತಿದ್ದಳಂತೆ. ಇಪ್ಪತ್ತಾರು ವರ್ಷ ಒಂದೇ ಕೋಣೆಯಲ್ಲಿ ಮಲಗಿದವಳು ನಾನು. ನನಗೆ ಇವೊಂದೂ ಗೊತ್ತಿರಲಿಲ್ಲ. ಅವಳು ಹೇಳಿರುತ್ತಾಳೆ, ನಾನು ಓದುತ್ತಿದ್ದಿರಬೇಕು.

ಊಟಕ್ಕೆ ಕೂತಾಗ ಅಮ್ಮ ಮೇಲಿನ ಮನೆಯವರ ನಲ್ಲಿ ಸೋರುವುದರ ಬಗ್ಗೆ ಮಾತಾಡಿದಳು. ನಾನೂ ಅದರ ಬಗ್ಗೆಯೇ ಮಾತಾಡಿದೆ.

ಫೆಬ್ರವರಿ 15, ಗುರುವಾರ

ಮತ್ತೆ ಹೊಗಳಿಕೆ. ನನ್ನ ಶೈಲಿ ಬದಲಾಗಿದೆಯಂತೆ, ಅಹಂಕಾರ ಇಳಿದಿದೆಯಂತೆ. ಕವಿ ಹೊರಗೆ ಬಂದ ಮೇಲೆ, ಹೇಗೆ ಸಾಧಿಸಿದಿರಿ ಎಂದು ಕೇಳಿದ. ಬೆಳಿಗ್ಗೆ ಬೇಗ ಏಳಬೇಕು ಎಂದೆ.

ಫೆಬ್ರವರಿ 26

ಈ ವಾರ ಅಕ್ಕನಿಗೆ ಬಡ್ತಿ. ಅಂಗಡಿಯ ಹಿಂದಿನ ಕೋಣೆಯಿಂದ ಮುಂದಕ್ಕೆ, ಗಿರಾಕಿಗಳ ಕಣ್ಣು ಪರೀಕ್ಷಿಸುವ ಜಾಗಕ್ಕೆ ಬಂದಿದ್ದಾಳೆ. ಮೊದಲ ದಿನವೇ ಒಬ್ಬ ಮುದುಕ ಅಕ್ಷರ ಓದಲು ಬಾರದ್ದನ್ನು ಮುಚ್ಚಿಡಲು ಪಟ್ಟಿಯನ್ನೆಲ್ಲ ಬಾಯಿಪಾಠ ಮಾಡಿ ಬಂದಿದ್ದ. ಅಕ್ಕ ಅವನ ಮಾನ ಕಳೆಯದೆ, ಕಿಟಕಿಯಾಚೆಯ ಮರದ ಎಲೆ ಎಣಿಸಿ ಅಜ್ಜಾ ಎಂದಳು. ಬಡ್ತಿ ನನ್ನದು, ಮುದುಕ ಅಮ್ಮನವನು. ಓದುತ್ತಾ ಜೋರಾಗಿ ನಕ್ಕುಬಿಟ್ಟೆ. ಆಚೆ ಯಂತ್ರದ ಮುಂದಿದ್ದ ಅಮ್ಮ ತಿರುಗಿ ನೋಡಲಿಲ್ಲ, ಆದರೆ ಅವಳ ಕಿವಿ ಕೆಂಪಾಯಿತು.

ಅಕ್ಕನಿಗೆ ಹೊಸ ಚಪ್ಪಲಿ ಬೇಕು. ಮುಂದಿನ ಕಂತಿನಲ್ಲಿ ನೋಡಬೇಕು.

ಮಾರ್ಚ್ 4

ಪಠ್ಯದ ಕಾದಂಬರಿಯ ಮೇಲೆ ಪ್ರಬಂಧ ಕೊಡಬೇಕಿತ್ತು. ಅದೇ ಕಾದಂಬರಿ. ಕೊನೆಯ ಅಧ್ಯಾಯ ನನಗೆ ಗೊತ್ತಿಲ್ಲ, ಪುಸ್ತಕವನ್ನು ಮತ್ತೆ ತೆರೆದಿಲ್ಲ. ಅಂತ್ಯ ಅನಿವಾರ್ಯವೂ ಅನಿರೀಕ್ಷಿತವೂ ಆಗಿದೆ ಎಂದು ಬರೆದು ಕೊಟ್ಟೆ. ಒಳ್ಳೆಯ ಅಂಕ ಬಂತು.

ಮಾರ್ಚ್ 11

ಬರೆಯುತ್ತಿದ್ದೇವೆ. ಅಕ್ಕ ಚೆನ್ನಾಗಿದ್ದಾಳೆ.

ಮಾರ್ಚ್ 22, ಗುರುವಾರ

ಮೇಷ್ಟ್ರು ನನ್ನನ್ನು ಕೋಣೆಗೆ ಕರೆಸಿದರು. ಎದುರಿಗೆ ನನ್ನ ಎಂಬತ್ತು ಪುಟ. ಹಾಳೆಗಳ ಮೇಲೆ ಒಂದೂ ಕೆಂಪು ಗೆರೆ ಇಲ್ಲದ್ದು ನೋಡಿ ಹೆದರಿಕೆಯಾಯಿತು.

ಚೆನ್ನಾಗಿದೆ, ಆದರೆ ಇದು ಮುಗಿಯುವುದಿಲ್ಲ ಎಂದರು. ಇವಳನ್ನು ನೀನು ಬೀಳಲು ಬಿಡುತ್ತಿಲ್ಲ, ಇವಳಿಗೆ ನೆಗಡಿ ಕೂಡ ಆಗುವುದಿಲ್ಲ, ಬರೀ ಒಳ್ಳೆಯ ದಿನಗಳು ಸಾಲುಗಟ್ಟಿವೆ. ಯಾರೋ ಎಲ್ಲಿಯೋ ಉಸಿರು ಬಿಗಿಹಿಡಿದು ಕೂತಂತಿದೆ. ಮೊದಲ ದೃಶ್ಯದ ಪುಟ ತೆಗೆದು ತೋರಿಸಿದರು. ಜನವರಿಯಲ್ಲಿ ಕೇಳಿದ ಎರಡೂ ಪ್ರಶ್ನೆ ಹಾಗೇ ಇವೆ. "ಬದುಕಿಸು ಅಂದಿದ್ದು ನಾನೇ. ತಪ್ಪು ನಂದೇ ಇರಬಹುದು. ನಿಜವಾಗಿ ಏನಾಯ್ತೋ ನಿಂಗೆ ಗೊತ್ತಿದೆ ಅಂತ ನಂಗೆ ಗೊತ್ತು. ಅದನ್ನ ಬರಿ, ಇಲ್ಲ ಬೇರೆ ಕಥೆ ತಗೊಂಡು ಬಾ," ಎಂದರು.

ಎದ್ದು ಬರುವಾಗ ಬಾಗಿಲಲ್ಲಿ ನಿಂತು, ನೀವು ಹೊಗಳಿದ ಸಾಲುಗಳು ನನ್ನವಲ್ಲ ಎಂದೆ. ಯಾರವು ಎಂದರು. ಟೈಪಿಸ್ಟಿನವು ಎಂದೆ. ಮೇಷ್ಟ್ರು, ಅವರಿಗೆ ನನ್ನ ನಮಸ್ಕಾರ ಹೇಳು ಎಂದರು. ನಾನು ಹೇಳಲಿಲ್ಲ.

ಮಾರ್ಚ್ 27

ನಿಜ ಬರೆದರೆ ಅಕ್ಕ ಸಾಯುತ್ತಾಳೆ. ಈ ಸಲ ಅಮ್ಮನ ಬೆರಳುಗಳೇ ಅದನ್ನು ಟೈಪ್ ಮಾಡಬೇಕು. ಅದೂ ಸಾಲದೆಂಬಂತೆ, ಮಂಚದ ಮೇಲೆ ಮಲಗಿ ಪುಟ ತಿರುಗಿಸುತ್ತಿದ್ದ ಇನ್ನೊಬ್ಬ ಮಗಳನ್ನೂ ಟೈಪ್ ಮಾಡಬೇಕು. ಅಮ್ಮನಿಗೆ ಉಳಿದಿರುವುದು ನಾನೊಬ್ಬಳು. ಆ ಪುಟ ಓದಿದ ಮೇಲೆ ಅವಳಿಗೆ ನಾನೂ ಉಳಿಯುವುದಿಲ್ಲ.

ಬರೆಯದಿದ್ದರೆ ಸೀಟು ಹೋಗುತ್ತದೆ. ಹೋಗಲಿ. ಸೀಟಿಗಾಗಿ ಎಂದು ಇಷ್ಟು ದಿನ ನನಗೆ ನಾನೇ ಹೇಳಿಕೊಂಡದ್ದು. ಸೀಟಿನ ವಿಷಯ ಈಗ ನೆನಪಿಗೇ ಬರುವುದಿಲ್ಲ.

ಏಪ್ರಿಲ್ 2

ಬರೆದೆ. ಎಂಬತ್ತು ಪುಟ ಬದಿಗಿಟ್ಟು, ಐದೇ ಪುಟ. ಬೆಳಿಗ್ಗೆ ಕೂತವಳು ಮಧ್ಯಾಹ್ನಕ್ಕೆ ಎದ್ದೆ. ಒಂದು ಉಪಮೆಯೂ ಇಲ್ಲ.

ಏಪ್ರಿಲ್ 4

ಬಸ್ ನಿಲ್ದಾಣದ ಟೈಪಿಂಗ್ ಅಂಗಡಿಗೆ ಹೋದೆ. ಹೇಡಿ ಎಂದುಕೊಳ್ಳುತ್ತಲೇ ಹೋದೆ. ಅಲ್ಲಿ ಮೂರು ಹುಡುಗಿಯರು, ಒಬ್ಬಳು ತಿಂಡಿ ತಿನ್ನುತ್ತಾ ಒಂದು ಕೈಯಲ್ಲಿ ಹೊಡೆಯುತ್ತಿದ್ದಳು. ನನ್ನ ಹಾಳೆ ಇಸಿದುಕೊಂಡವಳು ಮೊದಲ ಪುಟದ ಮೇಲೆ ಕಣ್ಣಾಡಿಸಿ, ಪಕ್ಕದವಳಿಗೆ, ಲೇ ಇದು ಕಥೆ ಕಣೇ, ಯಾರೋ ಬೀಳ್ತಾರೆ ಎಂದಳು. ಹಾಳೆ ಕಿತ್ತುಕೊಂಡು ಬಂದುಬಿಟ್ಟೆ. ಇವರು ಓದುತ್ತಾರೆ.

ಅಕ್ಕನನ್ನು ಇವರ ಕೈಗೆ ಕೊಡಲು ಸಾಧ್ಯವಿಲ್ಲ. ಅವಳ ಕೊನೆಯ ದಿನವನ್ನು ಯಾರಾದರೂ ಟೈಪ್ ಮಾಡುವುದಾದರೆ ಅಮ್ಮನೇ ಮಾಡಬೇಕು.

ಏಪ್ರಿಲ್ 8, ಭಾನುವಾರ

ಬೆಳಿಗ್ಗೆ ಐದೂ ಹಾಳೆಯನ್ನು ಯಂತ್ರದ ಎಡಗಡೆ ಇಟ್ಟೆ. ಅಮ್ಮ ಸ್ನಾನಕ್ಕೆ ಹೋಗಿದ್ದಳು. ಇಟ್ಟು ವಾಪಸು ತೆಗೆದುಕೊಂಡೆ, ಮತ್ತೆ ಇಟ್ಟೆ. ನೀರಿನ ಸದ್ದು ನಿಂತಿತು, ನಾನು ಚಪ್ಪಲಿ ಮೆಟ್ಟಿ ಹೊರಟೆ. ನಿಜವಾಗಿಯೂ ಲೈಬ್ರರಿಗೆ ಹೋದೆ. ಭಾನುವಾರ ಬಾಗಿಲು ಹಾಕಿರುತ್ತದೆ. ಅದನ್ನೂ ಅವತ್ತು ಯಾರೂ ಯೋಚಿಸಲಿಲ್ಲ, ಅಮ್ಮ ಕೂಡ.

ಅಥವಾ ಯೋಚಿಸಿದ್ದಳೋ. ಮೆಟ್ಟಿಲ ಮೇಲೆ ಕೂತು ಇದನ್ನೇ ಯೋಚಿಸುತ್ತ ಬಿಸಿಲೇರಿತು.

ಮನೆಗೆ ಬಂದಾಗ ಎಡಗಡೆ ಹಾಳೆಗಳಿರಲಿಲ್ಲ. ಬಲಗಡೆಯೂ ಇಲ್ಲ. ಅಮ್ಮ ಒಳಗೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಊಟ ಮೇಜಿನ ಮೇಲೆ ಮುಚ್ಚಿಟ್ಟಿದ್ದಳು, ಒಬ್ಬರಿಗೆ.

ಏಪ್ರಿಲ್ 9

ಮಾತಿಲ್ಲ. ಟೈಪಿನ ಸದ್ದೂ ಇಲ್ಲ.

ಏಪ್ರಿಲ್ 10

ಇಲ್ಲ. ಅವಳು ಬೈದರೆ ಸಾಕು, ಹೊಡೆದರೂ ಸರಿ. ಒಂದು ಸಲ ಅಡುಗೆಮನೆಯ ಬಾಗಿಲಲ್ಲಿ ಇಬ್ಬರೂ ಎದುರಾದೆವು. ಅವಳು ಪಕ್ಕಕ್ಕೆ ಸರಿದು ದಾರಿ ಬಿಟ್ಟಳು, ಹೊರಗಿನವರಿಗೆ ಬಿಡುವ ಹಾಗೆ. ಒಳಗೆ ಬಂದು ಬಾಯಿಗೆ ಬಟ್ಟೆ ಒತ್ತಿಕೊಂಡು ಅತ್ತೆ. ಕೊಡಬಾರದಿತ್ತು. ಎಂಬತ್ತು ಪುಟದಲ್ಲಿ ಅಕ್ಕ ಬದುಕಿದ್ದಳು, ಅಮ್ಮನೂ ಬದುಕಿದ್ದಳು. ಐದು ಪುಟದಲ್ಲಿ ಇಬ್ಬರನ್ನೂ ಕಳೆದುಕೊಂಡೆ.

ಏಪ್ರಿಲ್ 11

ಸಂಜೆ ಅಮ್ಮ ಕೇಳಿದಳು, ಯಾವತ್ತು ಕೊಡಬೇಕು. ನಾಳೆ ಐದು ಗಂಟೆ ಎಂದೆ. ಹೂಂ ಎಂದಳು. ಅಷ್ಟೇ ಮಾತು.

ಏಪ್ರಿಲ್ 12, ಗುರುವಾರ

ಬೆಳಿಗ್ಗೆ ಹತ್ತಕ್ಕೆ ಶುರುವಾಯಿತು. ನಾನು ಕೋಣೆಯಲ್ಲಿ ಕೂತು ಕೇಳಿದೆ. ಸದ್ದು ನೆಟ್ಟಗೆ ನಡೆಯಿತು, ವಕೀಲರ ಕಚೇರಿಯ ನಡಿಗೆ. ಈಗ ಸ್ಟೂಲು ಬಂತು, ಈಗ ನಾನು ಬಂದೆ ಎಂದು ಎಣಿಸುತ್ತಿದ್ದೆ. ಎಲ್ಲೂ ನಿಲ್ಲಲಿಲ್ಲ. ನಿಲ್ಲದ್ದೇ ನನಗೆ ಹೆಚ್ಚು ಸಂಕಟವಾಯಿತು. ಮುಗಿದಾಗ ಹಾಳೆ ತಟ್ಟಿ ಜೋಡಿಸಿದ ಸದ್ದು ಕೇಳಿತು, ಆಮೇಲೆ ಅವಳು ನನ್ನನ್ನು ಕರೆದಳು.

ಅಮ್ಮ ಯಂತ್ರದ ಮುಂದೆ ಕೈ ಮಡಿಲಲ್ಲಿಟ್ಟು ಕುಳಿತಿದ್ದಳು. ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡಿದ್ದಳು. ನಾಲ್ಕು ದಿನದಲ್ಲಿ ಎಷ್ಟು ಮುದುಕಿಯಾಗಿದ್ದಳು. ಇಲ್ಲೇ ಓದು ಎಂದಳು. ಈವರೆಗೆ ಅವಳು ಹಾಗೆ ಹೇಳಿದ್ದೇ ಇಲ್ಲ. ನಿಂತುಕೊಂಡೇ ಓದಿದೆ.

ನನ್ನ ಪದಗಳೆಲ್ಲ ಇದ್ದವು. ಮಂಚ, ಪುಸ್ತಕ, ಒಂದು ನಿಮಿಷ ಎಂದದ್ದು, ಇನ್ನೊಂದು ಪುಟ ತಿರುಗಿಸಿದ್ದು, ಬೆನ್ನ ಹಿಂದೆ ನಿಂತು ಹೂಂಗುಟ್ಟಿದ್ದು. ಒಂದಕ್ಷರ ಮೆತ್ತಗೆ ಮಾಡಿರಲಿಲ್ಲ, ಒಂದನ್ನೂ ಬಿಟ್ಟಿರಲಿಲ್ಲ. ಹಳೆಯ ಕರಡಿನಿಂದ ನಾನು ಹಾಗೇ ಉಳಿಸಿಕೊಂಡಿದ್ದ "ಇದ್ದಕ್ಕಿದ್ದಂತೆ ಪರದೆ ಒಗೆಯುವ ಹುಚ್ಚು ಹತ್ತಿ" ಎಂಬುದು ಮಾತ್ರ ಇರಲಿಲ್ಲ. ಅದರ ಜಾಗದಲ್ಲಿ, ಕಥೆಯ ಎಲ್ಲಕ್ಕಿಂತ ಮೊದಲು, ಕೈಬರಹದಲ್ಲಿ ಇಲ್ಲದ ಒಂದು ಸಾಲು ಇತ್ತು.

"ಪರದೆ ನಾಳೆ ತೆಗೀತೀನಮ್ಮ, ಸ್ಟೂಲು ಸರಿಯಿಲ್ಲ ಎಂದು ದೊಡ್ಡವಳು ಹೇಳಿದರೂ, ನಾನು ಬರುವಷ್ಟರಲ್ಲಿ ಇಳಿಸಿರಬೇಕು ಎಂದು ತಾಯಿ ಗದರಿಸಿ ಹೋಗಿದ್ದಳು."

ಎರಡು ಸಲ ಓದಿದೆ. ಏಳು ತಿಂಗಳು ಅವಳು ಇದನ್ನು ಇಟ್ಟುಕೊಂಡು ಆ ಕಿಟಕಿಯ ಮುಂದೆ ಕೂತಿದ್ದಳು. ಅಕ್ಕನಿಗೆ ಹುಚ್ಚು ಹತ್ತಿತ್ತೆಂದು ನಾನು ಬರೆದುಕೊಟ್ಟದ್ದನ್ನು ಮೊದಲ ಕರಡಿನಲ್ಲಿ ಹಾಗೇ ಟೈಪ್ ಮಾಡಿದ್ದಳು. ತಲೆ ಎತ್ತಿದಾಗ ಅವಳು ನನ್ನ ಮುಖ ನೋಡಲಿಲ್ಲ, ಹಾಳೆಯನ್ನೇ ನೋಡುತ್ತಿದ್ದಳು.

"ಆ ಸಾಲು ಸರಿಯಾದ ಜಾಗದಲ್ಲಿ ಬಂದಿದ್ಯಾ ನೋಡು. ನಿಂದಕ್ಕಿಂತ ಮೊದಲು ಬರ್ಬೇಕು ಅದು," ಎಂದಳು.

ಬಂದಿದೆಯಮ್ಮ ಎಂದೆ. ಆಮೇಲೆ ನೆಲದ ಮೇಲೆ ಅವಳ ಕಾಲ ಬಳಿ ಕೂತೆ. ಅವಳ ಕೈ ನನ್ನ ತಲೆಯ ಮೇಲೆ ಬಂತು. ಅಕ್ಕ ಹೋದ ಮೇಲೆ ನಾವಿಬ್ಬರೂ ಒಟ್ಟಿಗೆ ಅತ್ತದ್ದು ಇವತ್ತೇ ಮೊದಲು.

ಐದಕ್ಕೆ ಹತ್ತು ನಿಮಿಷವಿರುವಾಗ ಮೇಷ್ಟ್ರ ಮೇಜಿನ ಮೇಲೆ ಇಟ್ಟು ಬಂದೆವು. ಅಮ್ಮನೂ ಬಂದಿದ್ದಳು, ಹೊರಗೆ ಬೆಂಚಿನ ಮೇಲೆ ಕೂತಿದ್ದಳು.